ಎರೆ ಹೊಲದಲ್ಲಿ ನಿಂತ ಬೋರ್ಡು

ಕೌಲ್ ಬಜಾರಿನಲ್ಲಿ ನನ್ನದೊಂದು ಬೋರ್ಡಿನ ಅಂಗಡಿ. ಮೊದಲು ಬ್ರಷ್ಷಿನಲ್ಲಿ ಬರೆಯುತ್ತಿದ್ದೆ, ಈಗ ಮಶೀನಿನಲ್ಲಿ ಅಚ್ಚು ಹಾಕಿ ತಗಡಿಗೆ ಅಂಟಿಸುತ್ತೇನೆ. ಐದಾರು ವರ್ಷದಿಂದ ನನ್ನ ಹೊಟ್ಟೆ ತುಂಬಿಸುತ್ತಿರುವುದು ಒಂದೇ ಪದ: ಫಾರ್ಮ್. ಬಳ್ಳಾರಿಯಲ್ಲಿ ನಾಲ್ಕು ಕಾಸು ಕೂಡಿಸಿದವರಿಗೆಲ್ಲ ಈಗ ಫಾರ್ಮ್ ಇದೆ. ಹೊಲ ಯಾರಿಗೂ ಇಲ್ಲ.

ನಮ್ಮ ಕಡೆ ನೆಲಕ್ಕೆ ಹೆಸರಿನ ಬರವಿರಲಿಲ್ಲ. ಕುರುಗೋಡಿನ ಕಪ್ಪು ನೆಲ ಎರೆ ಹೊಲ, ಕೆಂಪಗಿದ್ದರೆ ಮಸಾರಿ. ಸಿರುಗುಪ್ಪದಲ್ಲಿ ಕಾಲುವೆ ನೀರು ನಿಲ್ಲಿಸಿ ಭತ್ತ ಬೆಳೆದರೆ ಗದ್ದೆ. ಬಾವಿಯೋ ಬೋರೋ ಇದ್ದು ಅಂಜೂರ ಹಚ್ಚಿದರೆ ತೋಟ. ಒಡೆಯರೊಬ್ಬರು, ದುಡಿಯುವವರು ಇನ್ನೊಬ್ಬರು, ಬೆಳೆ ಅರ್ಧರ್ಧ ಎಂದಾದರೆ ಅದು ಕೋರಿನ ಹೊಲ. ಹೆಸರು ಕೇಳಿದರೆ ಸಾಕು, ಮಣ್ಣು ಎಂಥದು, ನೀರು ಎಲ್ಲಿಯದು, ಮೈಮುರಿದು ದುಡಿಯುವವರು ಯಾರು ಎಂದು ಗೊತ್ತಾಗುತ್ತಿತ್ತು. ಫಾರ್ಮ್ ಅಂದರೆ ಏನು ಗೊತ್ತಾಗುತ್ತದೆ? ಗೇಟು ಇದೆ ಎಂದು ಗೊತ್ತಾಗುತ್ತದೆ.

ನನ್ನ ಗಿರಾಕಿಗಳನ್ನು ನೋಡಬೇಕು. ಮೋಕದ ಬಳಿ ಎರಡು ಎಕರೆ ಜೋಳದ ಹೊಲ ಕೊಂಡ ಡಾಕ್ಟರೊಬ್ಬರು ‘ಎಸ್ಟೇಟ್’ ಎಂದು ಬರೆಸಿದರು. ಅಲ್ಲಿ ನೆರಳಿಗೆಂದು ಇದ್ದದ್ದು ಒಂದು ಕರೆಂಟ್ ಕಂಬ. ಬಟ್ಟೆ ಅಂಗಡಿಯವರು ‘ಸಾವಯವ ಫಾರ್ಮ್’ ಬರೆಸಿದರು; ನಾನು ಬೋರ್ಡು ಹೊತ್ತು ಹೋದಾಗ ಹುಲ್ಲು ಸಾಯಲೆಂದು ಔಷಧಿ ಹೊಡೆಸುತ್ತಿದ್ದರು, ಫೋಟೋಕ್ಕೆ ಅಡ್ಡ ಬರುತ್ತದಂತೆ. ಇನ್ನೊಬ್ಬರಿಗೆ ‘ಫಾರ್ಮ್’ ಸಾಲದೆ ‘ಫಾರ್ಮ್ಸ್’ ಬೇಕಾಯಿತು. ಇದ್ದದ್ದು ಮೂವತ್ತು ಸೆಂಟ್ಸು. ನಾನು ಬಾಯಿ ಮುಚ್ಚಿಕೊಂಡು ಅಳತೆ ಬರೆದುಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಪಕ್ಕದ ಪಂಚರ್ ಅಂಗಡಿಯವನ ಜೊತೆ ಹೊಟ್ಟೆ ಹಿಡಿದು ನಗುತ್ತಿದ್ದೆ.

ಹೋದ ವರ್ಷ ಮೆಣಸಿನಕಾಯಿ ಬಿಡಿಸಿ ಮುಗಿದ ಹೊತ್ತಿಗೆ ನಿವೃತ್ತ ಎಂಜಿನಿಯರೊಬ್ಬರು ಬಂದರು.

"ಕುರುಗೋಡು ರಸ್ತೆದಾಗ ನಮ್ದೊಂದು ಫಾರ್ಮ್ ಐತಿ. ದೊಡ್ಡ ಬೋರ್ಡ್ ಬೇಕ್ರಿ."

"ಯಾವ ಕಡಿ ಬರ್ತೈತ್ರಿ ಸರ?"

"ಹಳ್ಳದ ದಂಡಿಗೆ ಜೋಡಿ ಬೇವಿನ ಗಿಡ ಅದಾವಲ್ಲ, ಅಲ್ಲೇ."

ಆ ಬೇವಿನ ನೆರಳಲ್ಲಿ ಎಷ್ಟೋ ಸಲ ರೊಟ್ಟಿ ತಿಂದಿದ್ದೇನೆ. ಅದು ನನ್ನ ಅಕ್ಕ ಹದಿನಾಲ್ಕು ವರ್ಷದಿಂದ ಕೋರಿಗೆ ಮಾಡುತ್ತಿದ್ದ ಹೊಲ. ಒಡೆಯರು ಹೊರಗೆಲ್ಲೋ ನೌಕರಿಯಲ್ಲಿದ್ದಾರೆಂದು ಕೇಳಿದ್ದೆ, ಮುಖ ನೋಡಿದ್ದು ಅವತ್ತೇ. ಭಾವ ಲಾರಿ ಓಡಿಸುತ್ತ ಊರೂರು ತಿರುಗುವವನು. ಬಿತ್ತಿದ್ದು, ಕಳೆ ತೆಗೆದದ್ದು, ಕಾಯಿ ಬಿಡಿಸಿದ್ದು ಎಲ್ಲ ಅಕ್ಕನೇ. ಕೋರಿಗೆ ಕಾಗದ ಪತ್ರ ಇರುವುದಿಲ್ಲ, ಬಾಯಿಮಾತಷ್ಟೇ.

"ಅಲ್ಲಿ ಯಾರೋ ಮಾಡ್ತಿದ್ರಲ್ರಿ?" ಎಂದೆ, ಯಾರೆಂದು ಗೊತ್ತಿಲ್ಲದವನ ಹಾಗೆ.

"ಬಿಡ್ಸೀನಿ. ಇನ್ನ ನಾವೇ ನೋಡ್ಕೊಂತೀವಿ. ಕೆಳಗ ಒಂದು ಸಾಲು ಹಾಕ್ರಿ, ಅಪ್ಪಣಿ ಇಲ್ದ ಒಳಗ ಬರಬಾರದು ಅಂತ."

ಅವಳು ನನ್ನ ಅಕ್ಕ ಎನ್ನಬಹುದಿತ್ತು. ಇನ್ನೊಂದು ವರ್ಷ ಮಾಡಲಿ ಬಿಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವರ ಗೆಳೆಯರೆಲ್ಲ ನನ್ನ ಗಿರಾಕಿಗಳು. "ಅಕ್ಷರ ಹಸರು ಇರ್ಲೇನ್ರಿ, ಕೆಂಪು ಇರ್ಲೇನ್ರಿ?" ಎಂದು ಕೇಳಿದೆ. ಮೂವತ್ತು ಸೆಂಟ್ಸಿನವರನ್ನು ಆಡಿಕೊಂಡು ನಕ್ಕ ನನ್ನ ಯೋಗ್ಯತೆ ಅಷ್ಟು.

ಬೋರ್ಡು ಹೊತ್ತು ಹೋದ ದಿನ ಅಕ್ಕ ಅಲ್ಲೇ ಇದ್ದಳು, ಒಣಗಿದ ಮೆಣಸಿನ ಗಿಡ ಕಿತ್ತು ಗುಡ್ಡೆ ಹಾಕುತ್ತಿದ್ದಳು. ಹೊಲ ಬಿಡಬೇಕೆಂದು ಅವಳಿಗೆ ಗೊತ್ತಿತ್ತು. ಬೋರ್ಡು ತರುವವನು ನಾನೆಂದು ಗೊತ್ತಿರಲಿಲ್ಲ. ಹತ್ತಿರ ಬಂದು ಒಂದೊಂದೇ ಅಕ್ಷರ ಕೂಡಿಸಿ ಎರಡೂ ಸಾಲು ಓದಿದಳು.

"ಲೇ ತಮ್ಮ, ನೀನಾ ಮಾಡಿದ್ದು?"

"ಹ್ಞೂಂ."

"ಅಕ್ಷರ ಚಂದ ಅದಾವ."

ಬೈದಿದ್ದರೆ ಹಗುರಾಗುತ್ತಿತ್ತು. ತಲೆ ತಗ್ಗಿಸಿ ಗುಂಡಿ ತೋಡತೊಡಗಿದೆ. ಅವಳು ಬಗ್ಗಿ ಗುಂಡಿಯ ಮಣ್ಣು ಮುಟ್ಟಿ ನೋಡಿದಳು.

"ಅಲ್ಲಿ ಬ್ಯಾಡ. ಬ್ಯಾಸಿಗ್ಯಾಗ ಅಲ್ಲಿ ನೆಲ ಬಿರೀತೈತಿ, ಬೋರ್ಡು ವಾಲ್ತೈತಿ. ಇತ್ತಾಗ ಬಾ."

ಬದುವಿನ ಪಕ್ಕಕ್ಕೆ ಕರೆದಳು. ಬಂಡಿಯ ಗಾಲಿ ಹೂತುಹೋಗಬಾರದೆಂದು ಅವಳೇ ಯಾವಾಗಲೋ ಗರಸು ಕಲ್ಲುಮಣ್ಣು ಹಾಕಿ ಗಟ್ಟಿ ಮಾಡಿದ್ದ ಜಾಗ. ನನ್ನ ಕೈಯಿಂದ ಹಾರೆ ಕಸಿದುಕೊಂಡು ತಾನೇ ತೋಡಿದಳು. ನಾನು ಕಂಬ ಹಿಡಿದು ನಿಂತೆ. ಸುತ್ತ ಗರಸು ತುಂಬಿ ಹಾರೆಯಿಂದ ಕುಟ್ಟಿದಳು, ಎರಡೂ ಕಂಬಕ್ಕೆ. ಆಮೇಲೆ ಬುತ್ತಿಯ ಗಂಟು ತೆಗೆದುಕೊಂಡು ಬದು ದಾಟಿ ರಸ್ತೆಗೆ ಹೋದಳು.

ಈಗ ಅಕ್ಕ ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಕೂಲಿ ಹೋಗುತ್ತಾಳೆ. ಆ ಗದ್ದೆಯ ಮುಂದೆಯೂ ಫಾರ್ಮ್ ಎಂಬ ಬೋರ್ಡಿದೆ, ಅದೂ ನನ್ನ ಅಂಗಡಿಯದೇ. ಎಂಜಿನಿಯರರ ಫಾರ್ಮಿನಲ್ಲಿ ಈ ಸಲ ಬೆಳೆದದ್ದು ಬಳ್ಳಾರಿ ಜಾಲಿ. ಎರೆ ನೆಲದಲ್ಲಿ ನಾನು ಹುಗಿದ ಬೋರ್ಡುಗಳೆಲ್ಲ ಒಂದೇ ಬೇಸಿಗೆಗೆ ವಾಲಿದವು. ಕುರುಗೋಡಿನ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡುತ್ತೇನೆ. ಅಕ್ಕ ಕುಟ್ಟಿ ನಿಲ್ಲಿಸಿದ್ದು ಮಾತ್ರ ಒಂದಿಷ್ಟೂ ಅಲುಗಿಲ್ಲ.