ದೊಡ್ಡಮ್ಮನ ಬಲ ಅಂಗೈ

ದೊಡ್ಡಮ್ಮನ ಬಲ ಅಂಗೈಯಲ್ಲಿ ರೇಖೆಗಳಿರಲಿಲ್ಲ. ತೋರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ, ಎರಡು ಬೆರಳಗಲದ ಪಟ್ಟಿಯೊಂದು ಓರೆಯಾಗಿ, ಇಸ್ತ್ರಿ ಹಾಕಿದಂತೆ ನುಣ್ಣಗೆ ಹೊಳೆಯುತ್ತಿತ್ತು. ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಕಣಿ ಹೇಳುವ ಹೆಂಗಸೊಬ್ಬಳು ಎಡಗೈ ನೋಡಿ ಮುಗಿಸಿ ಬಲಗೈ ಹಿಡಿದವಳು, ಬೆಳಕಿಗೆ ಒಡ್ಡಿ ತಿರುಗಿಸಿ ನೋಡಿ, “ಇದ್ರಾಗೆ ಏನೂ ಇಲ್ವಲ್ಲಮ್ಮಾ” ಎಂದಳು.

“ಅದನ್ನ ನಾನೇ ಅಳಿಸ್ಕೊಂಡೀನಿ, ಬುಡು” ಎಂದು ದೊಡ್ಡಮ್ಮ ಕೈ ಎಳೆದುಕೊಂಡಳು.

ಅವಳು ನನ್ನ ತಾಯಿಯ ಅಕ್ಕ. ಹುಟ್ಟಿದ್ದು ಬೂದಿಕೋಟೆ ಹತ್ತಿರದ ಹಳ್ಳಿಯಲ್ಲಿ, ದನ ಮತ್ತು ರಾಗಿಯ ನಡುವೆ. ಮದುವೆಯಾಗಿ ಬಂದದ್ದು ಚಾಂಪಿಯನ್ ರೀಫ್ಸಿಗೆ, ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆಗೆ. ದೊಡ್ಡಪ್ಪ ಗಣಿಯಲ್ಲಿ ಕೇಜಿನ ಉಕ್ಕಿನ ಹಗ್ಗಗಳನ್ನು ನೋಡಿಕೊಳ್ಳುತ್ತಿದ್ದರು. ಆಳುಗಳನ್ನು ಭೂಮಿಯೊಳಕ್ಕೆ ಇಳಿಸಿ ಮತ್ತೆ ಮೇಲೆತ್ತುವ ಹಗ್ಗಗಳು. ಗಣಿ ಮುಚ್ಚಿದ ಮೇಲೆ ಅವರಿಗೆ ಕೆಲಸ ಸಿಕ್ಕಿದ್ದು ಕೊಚ್ಚಿಯಲ್ಲಿ, ದೋಣಿ ರಿಪೇರಿ ಮಾಡುವ ಕಡೆ. ಹಾಯಿಕಂಬಕ್ಕೆ ತಂತಿ ಬಿಗಿಸಿಕೊಳ್ಳಲು ಅಲ್ಲಿಗೆ ಬಂದ ಮುದುಕ ವಿದೇಶಿಯೊಬ್ಬ ಇವರ ಕೆಲಸ ನೋಡಿ, ಗಂಡ ಹೆಂಡತಿ ಇಬ್ಬರನ್ನೂ ತನ್ನ ಹಾಯಿದೋಣಿಗೆ ಕರೆದ. ಹಗ್ಗಕ್ಕೆ ಗಂಡ, ಒಲೆಗೆ ಹೆಂಡತಿ ಎಂದು ಮಾತಾಯಿತು. ಹಾಗೆ ಆರು ವರ್ಷ, ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ, ಲಕ್ಷದ್ವೀಪ, ಮಾಲ್ಡೀವ್ಸ್, ಅಂಡಮಾನ್ ಎಂದು ದ್ವೀಪದಿಂದ ದ್ವೀಪಕ್ಕೆ ಅವರು ಅಲೆದರು.

ಹಗ್ಗ, ಒಲೆಯ ಆ ಮಾತು ಮಾತ್ರ ಒಂದು ವಾರವೂ ಉಳಿಯಲಿಲ್ಲ. ದೊಡ್ಡಪ್ಪನಿಗೆ ಕಡಲು ಆಗಿಬರಲಿಲ್ಲ. ದಡ ಮರೆಯಾದರೆ ಸಾಕು, ಬಕೆಟ್ ಅಪ್ಪಿಕೊಂಡು ಕೂರುತ್ತಿದ್ದರಂತೆ. ದೊಡ್ಡಮ್ಮ ಅದೇ ಅಲುಗಾಟದಲ್ಲಿ ಕಾಲು ಅಗಲಿಸಿ ನಿಂತು ಮುದ್ದೆ ತಿರುವುತ್ತಿದ್ದಳು. ಮುದುಕ ಇದನ್ನು ಗಮನಿಸಿ ಚುಕ್ಕಾಣಿಯನ್ನು ಅವಳ ಕೈಗೆ ಕೊಟ್ಟ, ದಿಕ್ಸೂಚಿ ನೋಡುವುದನ್ನು ಕಲಿಸಿದ. ಗಾಳಿಯ ವಿಷಯ ಮಾತ್ರ ಅವನು ಕಲಿಸಬೇಕಾಗಿರಲಿಲ್ಲ.

“ಕಣದಾಗೆ ರಾಗಿ ತೂರಿದೋಳಿಗೆ ಗಾಳಿ ಏಳ್ಕೊಡ್ತಾನಾ ಅವ್ನು?” ಎನ್ನುತ್ತಿದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗ ಚಿನ್ನ ತೆಗೆದುಳಿದ ಗಣಿಮಣ್ಣು ಸುರಿದ ಸಯನೈಡ್ ದಿಬ್ಬದ ಮೇಲೆ ನಿಲ್ಲಿಸಿ ನನಗೂ ಕಲಿಸಿದಳು. “ಕಣ್ಣು ಮುಚ್ಕೊಳ್ಳೇ. ಎರಡು ಕಿವಿಗೂ ಒಂದೇ ಸಮ ಬಡೀತಾ? ಅಂಗಾರೆ ಗಾಳಿ ನಿನ್ ಮೂಗಿನ ನೇರಕ್ಕೈತೆ. ಒಂದೇ ಕಿವಿ ತಣ್ಣಗಾಯ್ತಾ? ತಿರುಗು.” ನಾನು ತಿರುಗಿದೆ. ಬೂದುಬಣ್ಣದ ದೂಳು ಬಾಯಿಗೆ ಬಂತು. “ಸರಿಯಾಗೈತೆ, ಉಗುಳು” ಎಂದಳು.

ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದ ಅವಳು, ನಡುವೆ ಹಾಯಿಯ ಹತ್ತಿರ, ಎದ್ದು ನಿಲ್ಲಲು ಆದಾಗೆಲ್ಲ, ದೊಡ್ಡಪ್ಪ. ಗಾಳಿಯಲ್ಲಿ ಕೂಗಿದರೆ ಕೇಳುತ್ತಿರಲಿಲ್ಲ. ಅದಕ್ಕೆ ಗಂಡ ಹೆಂಡತಿ ಗಣಿಯ ಗಂಟೆಯ ಲೆಕ್ಕವನ್ನೇ ಕಡಲಿಗೆ ಒಯ್ದಿದ್ದರು. ಗಣಿಯೊಳಗಿನಿಂದ ಮೇಲಿನ ಎಂಜಿನ್ ಮನೆಗೆ ಗಂಟೆ ಬಡಿದು ಹೇಳುತ್ತಿದ್ದ ಭಾಷೆ ಅದು: ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಇಳಿಸು, ಮೂರು ಬಡಿದರೆ ಕೇಜಿನಲ್ಲಿ ಮನುಷ್ಯರಿದ್ದಾರೆ, ಜೋಪಾನ. ದೊಡ್ಡಮ್ಮ ಸ್ಟೀಲ್ ಲೋಟದಿಂದ ಕಂಬಿಯ ಮೇಲೆ ಬಡಿಯುತ್ತಿದ್ದಳು. ಹೆಂಗಸರನ್ನು ಎಂದೂ ಇಳಿಸದ ಗಣಿಯ ಗಂಟೆ ಅವಳ ಕೈಯಲ್ಲಿತ್ತು.

ಮುದುಕ ದೋಣಿ ಮಾರಿ ತನ್ನ ದೇಶಕ್ಕೆ ಹೋದ ಮೇಲೆ ಇಬ್ಬರೂ ಚಾಂಪಿಯನ್ ರೀಫ್ಸಿಗೆ ಮರಳಿದರು. ನಲ್ಲಿಯ ಹತ್ತಿರ ಹೆಂಗಸರು, “ಏನಕ್ಕಾ, ಕಡಲಿಂದ ಮುತ್ತು ಗಿತ್ತು ತಂದ್ಯಾ?” ಎಂದು ಕೆಣಕಿದರೆ, “ಉಪ್ಪು ತಂದೀನಿ, ಗಾಯ ಇದ್ರೆ ಬಾ” ಎನ್ನುವಳು. ಲೋಟ ತುಂಬ ಕಾಫಿ ಕೊಡುತ್ತಿರಲಿಲ್ಲ. ಅರ್ಧ ಲೋಟ, ಎರಡು ಸಲ. ಎರಡು ಚೊಂಬು ನೀರಿನಲ್ಲಿ ಸ್ನಾನ ಮುಗಿಸುವಳು. ನೆಲ ಅಲುಗಾಡದ ಅಡುಗೆಮನೆಯಲ್ಲೂ ಕಾಲು ಅಗಲಿಸಿಯೇ ನಿಲ್ಲುವಳು. ದ್ವೀಪವೊಂದರಲ್ಲಿ ಹೆಂಗಸರು ‘ನಿಮ್ಮೂರಿನ ಕಡಲು ಹೇಗಿದೆ’ ಎಂದು ಸನ್ನೆಯಲ್ಲಿ ಕೇಳಿದಾಗ, “ನಮ್ಮೂರಾಗೆ ಕಡ್ಲಿಲ್ಲ, ನೆಲದಾಗೆ ತೂತೈತೆ” ಎಂದಳಂತೆ. ಅದನ್ನೂ ಸನ್ನೆಯಲ್ಲೇ ಮಾಡಿ ತೋರಿಸುವಳು. ನಾವು ನಗುತ್ತಿದ್ದೆವು.

ಅಂಗೈಯ ಕತೆಯನ್ನು ಮಾತ್ರ ಅವಳು ನಗಿಸಲು ಹೇಳುತ್ತಿರಲಿಲ್ಲ. ಮಾಲ್ಡೀವ್ಸಿನಿಂದ ಉತ್ತರಕ್ಕೆ ಬರುವಾಗ ಎರಡು ದಿನ ಬಿರುಗಾಳಿ. ಮುದುಕನ ಭುಜ ಉಳುಕಿತ್ತು. ದೊಡ್ಡಪ್ಪ ಒಳಗೆ ಮಲಗಿದ್ದರು. ಚುಕ್ಕಾಣಿ ಎರಡು ದಿನವೂ ಇವಳದು. ಗಾಳಿ ಏರಿತು, ದೊಡ್ಡ ಹಾಯಿ ಇಳಿಸಲೇಬೇಕು. “ಎರಡು ಬಡಿದೆ. ಬರ್ಲಿಲ್ಲ. ಇನ್ನೊಂದ್ಸಲ ಎರಡು ಬಡಿದೆ. ಬರ್ಲಿಲ್ಲ. ಚುಕ್ಕಾಣೀನ ಸೆರಗು ಅರಿದು ಕಟ್ಟಿ ಕಂಬದ ತಾವ್ಕೆ ನಾನೇ ಓದೆ.” ಹಾಯಿಯ ಹಗ್ಗ ಬಿಚ್ಚಿದಾಗ ಅದು ಅಂಗೈಯ ಮೂಲಕ ಓಡಿತು. ಬಿಟ್ಟರೆ ಹಾಯಿ ಹರಿದು ಕಂಬ ಮುರಿಯುತ್ತದೆ. ಅವಳು ಬಿಡಲಿಲ್ಲ.

ಇದು ನನಗೆ ಗೊತ್ತಿತ್ತು. ಆ ನುಣುಪು ಪಟ್ಟಿಯ ಮೇಲೆ ಬೆರಳಾಡಿಸುತ್ತ ಎಷ್ಟೋ ಸಲ ಕೇಳಿದ್ದೆ. ಮುಂದಿನದನ್ನು ಓದುವಾಗ ಇದನ್ನು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಎಂ.ಎ. ಓದುತ್ತಿದ್ದಾಗ ಆಂಡರ್ಸನ್‌ಪೇಟೆಯ ಸಂಘವೊಂದು ದೊಡ್ಡಪ್ಪನಿಗೆ ಸನ್ಮಾನ ಇಟ್ಟುಕೊಂಡಿತು. ಫ್ಲೆಕ್ಸ್ ಮೇಲೆ ಅವರಿಗೆ ಬಿಳಿ ಟೋಪಿ ತೊಡಿಸಿ ‘ಕಡಲ ವೀರ’ ಎಂದು ಬರೆಸಿದರು. ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡಪ್ಪ ಹೇಳಿದರು, ನಾನು ಬರೆದುಕೊಂಡೆ. ಬಿರುಗಾಳಿಯ ಭಾಗ ಬಂದಾಗ, “ಅಗ್ಗ ಜಾರಿ ಅಂಗೈ ಸುಟ್ಟೋಯ್ತು, ಆದ್ರೂ ಬಿಡ್ಲಿಲ್ಲ ಅಂತ ಬರ್ಕೋ” ಎಂದರು. ನನ್ನ ಪೆನ್ನು ನಿಂತಿತು.

“ಅದು ದೊಡ್ಡಮ್ಮ ಅಲ್ವಾ?” ಎಂದೆ.

“ಎಂಡ್ತಿ ಕೈಗೆ ಚುಕ್ಕಾಣಿ ಕೊಟ್ಟು ಒಳಗೆ ವಾಂತಿ ಮಾಡ್ಕೊಂಡಿದ್ದೆ ಅಂತ ಓದ್ತೀಯೇನೇ ಅವ್ರ ಮುಂದೆ? ಎಲ್ಲ ನನ್ ಜೊತೆ ಶಾಫ್ಟಿಗೆ ಇಳಿದೋರು. ಈ ಲೈನಾಗೆ ನಾನು ಬಾಳೋದು ಬ್ಯಾಡ್ವಾ?”

ನಾನು ಬರೆದೆ. ದೊಡ್ಡಮ್ಮನ ಬಗ್ಗೆ ಒಂದು ವಾಕ್ಯ ಸೇರಿಸಿದೆ: ‘ಅವರ ಧರ್ಮಪತ್ನಿ ಅಡುಗೆ ಮಾಡಿಕೊಂಡು ಕಷ್ಟಸುಖಗಳಲ್ಲಿ ಜೊತೆಗಿದ್ದರು.’ ಯಾರೂ ಬಲವಂತ ಮಾಡಲಿಲ್ಲ. ಹಿರಿಯರಿಗೆ ಎದುರಾಡದ ಹುಡುಗಿ ಎಂಬ ಒಳ್ಳೆಯ ಹೆಸರು ನನಗಿತ್ತು, ಅದನ್ನು ಉಳಿಸಿಕೊಂಡೆ.

ಸಭೆಯಲ್ಲಿ ಅದನ್ನು ಓದಿದವಳೂ ನಾನೇ. ದೊಡ್ಡಮ್ಮ ಮೂರನೆಯ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದಳು. ‘ಅಂಗೈ ಸುಟ್ಟರೂ’ ಎಂದು ಓದಿದಾಗ ಚಪ್ಪಾಳೆ ಬಿತ್ತು. ನಿರೂಪಕ, “ಅಮ್ಮಾವ್ರೂ ಒಂದ್ಸಲ ಎದ್ದು ನಿಂತು ಮುಖ ತೋರಿಸಿ, ಅಡುಗೆ ಮಾಡಿ ಹಾಕಿದ ತಾಯಿ” ಎಂದ. ಅವಳು ಏಳಲಿಲ್ಲ. ಮನೆಯ ಬೀಗದ ಕೈಯಿಂದ ಮುಂದಿನ ಕಬ್ಬಿಣದ ಕುರ್ಚಿಯ ಬೆನ್ನಿಗೆ ಬಡಿದಳು. ಮೂರು ಸಲ, ಸರಿಯಾದ ಅಂತರದಲ್ಲಿ.

ಮನುಷ್ಯರಿದ್ದಾರೆ.

ಗಣಿಯಲ್ಲಿ ದುಡಿದ ಹತ್ತಾರು ಮುದುಕರು ಅಲ್ಲಿದ್ದರು. ಎಲ್ಲರಿಗೂ ಗೊತ್ತಿದ್ದ ಗಂಟೆ. ಮುದುಕಿಗೆ ಬೇಸರವಾಗಿದೆ, ಕುರ್ಚಿ ಕುಟ್ಟುತ್ತಿದ್ದಾಳೆ ಎಂದುಕೊಂಡು ಒಬ್ಬಿಬ್ಬರು ನಕ್ಕರು. ನನ್ನನ್ನು ಬಿಟ್ಟರೆ ದೊಡ್ಡಪ್ಪನಿಗೆ ಮಾತ್ರ ಅದು ಗಂಟೆಯಾಗಿ ಕೇಳಿಸಿತು. ಅವರು ನೀರು ಕುಡಿದರು. ಮೈಕ್ ಸರಿಮಾಡಿಕೊಂಡು ತಮ್ಮ ಭಾಷಣ ಶುರುಮಾಡಿದರು.

ಮನೆಗೆ ಬರುವ ಆಟೋದಲ್ಲಿ ದೊಡ್ಡಮ್ಮ ನನ್ನ ಮುಖ ನೋಡದೆ ಕೇಳಿದಳು: “ನನ್ ಕೈನೂ ಅವ್ರಿಗೇ ಬರ್ದುಕೊಟ್ಬುಟ್ಯಾ?”

ಚಾಂಪಿಯನ್ ರೀಫ್ಸ್ ತಿರುವಿನಲ್ಲಿ ಅವಳೇ ಮತ್ತೆ ಮಾತಾಡಿದಳು. “ಅವ್ರು ಬುಡು, ಗಂಡಸು, ಭಯ. ನೀನು ಓದಿದೋಳು. ತಿದ್ದಿ ಬರಿ. ಅದೇ ಜನದ ಮುಂದೆ ಓದು. ನಾನು ಇರೋವಾಗ್ಲೇ ಓದು.”

“ಪರೀಕ್ಷೆ ಆಗ್ಲಿ ದೊಡ್ಡಮ್ಮ” ಎಂದೆ.

ಪರೀಕ್ಷೆ ಆಯಿತು. ಕೆಲಸ ಹುಡುಕುವುದಾಯಿತು. ಬಂಗಾರಪೇಟೆಯಿಂದ ರೈಲಿನಲ್ಲಿ ಓಡಾಡುತ್ತ ಮನಸ್ಸಿನಲ್ಲೇ ಹತ್ತು ಸಲ ತಿದ್ದಿದೆ. ಕಾಗದದ ಮೇಲೆ ಒಂದು ಸಲವೂ ಇಲ್ಲ. ಈ ನಡುವೆ ಸಂಘದವರು ನಾನು ಓದಿದ ಪುಟಕ್ಕೆ ಗಾಜಿನ ಕಟ್ಟು ಹಾಕಿಸಿ ತಮ್ಮ ವಾಚನಾಲಯದ ಗೋಡೆಗೆ ತೂಗುಹಾಕಿದರು. ದೊಡ್ಡಮ್ಮ ಹೋಗಿ ನೋಡಿ ಬಂದಳಂತೆ. ನನಗೆ ಹೇಳಲಿಲ್ಲ, ಮತ್ತೆ ಕೇಳಲೂ ಇಲ್ಲ. ಹೋದ ವರ್ಷ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟಳು.

ತಿಥಿಯ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅವಳ ಫೋಟೋದ ಕೆಳಗೆ ‘ಕಡಲ ವೀರರ ಧರ್ಮಪತ್ನಿ’ ಎಂದಿತ್ತು. ಊಟ ಮುಗಿದು ಎಲ್ಲರೂ ಒಳಗೆ ಕೂತ ಮೇಲೆ ಯಾರೋ ಕೇಳಿದರೆಂದು ದೊಡ್ಡಪ್ಪ ಅದೇ ಬಿರುಗಾಳಿಯನ್ನು ಎತ್ತಿಕೊಂಡರು. ದುಃಖದಲ್ಲಿದ್ದರು, ನನಗೆ ಗೊತ್ತು. ಆದರೂ ಅವರ ಬಾಯಲ್ಲಿ ‘ನಾನು, ನಾನು’ ಎಂದೇ ಬರುತ್ತಿತ್ತು. “ಆಗ ನಾನು ಆಯಿ ಇಳಿಸೋಕೆ ಅಗ್ಗಕ್ಕೆ ಕೈ ಆಕಿದೆ ನೋಡು...”

ಎಡೆಯ ಮುಂದೆ ಅವಳ ಸ್ಟೀಲ್ ಲೋಟವಿತ್ತು. ಅದನ್ನು ತೆಗೆದುಕೊಂಡು ಕಿಟಕಿಯ ಸರಳಿಗೆ ಬಡಿದೆ. ಒಂದೇ ಸಲ.

ದೊಡ್ಡಪ್ಪನ ಕೈ ಗಾಳಿಯಲ್ಲಿ ಹಾಗೇ ನಿಂತಿತು.

ಎದುರಿಗೆ ಕೂತಿದ್ದ ನೆಂಟನೊಬ್ಬ, “ಆಮೇಲೆ ಏನಾಯ್ತು ಮಾಮಾ?” ಎಂದ.

ಅವರು ನನ್ನನ್ನು ನೋಡಲಿಲ್ಲ, ಅಡುಗೆಮನೆಯ ಬಾಗಿಲ ಕಡೆ ನೋಡಿದರು. “ಆಮೇಲೆ ನಂಗೊತ್ತಿಲ್ಲಪ್ಪಾ” ಎಂದರು. “ನಾನು ಒಳಗೆ ಮಲಗಿದ್ದೆ.”

ಕೇಳಬೇಕಾದವಳು ಫೋಟೋದಲ್ಲಿದ್ದಳು. ದೊಡ್ಡಪ್ಪನನ್ನು ನಾನು ಇನ್ನೂ ಕ್ಷಮಿಸಿಲ್ಲ. ಅವರು ಭಯದಿಂದ ಹೇಳಿದ ಸುಳ್ಳನ್ನು ಒಳ್ಳೆಯ ಕನ್ನಡದಲ್ಲಿ ಬರೆದುಕೊಟ್ಟ ನನ್ನನ್ನಂತೂ ಕ್ಷಮಿಸುವ ಮಾತೇ ಇಲ್ಲ. ದೊಡ್ಡಮ್ಮ ಇರುವಾಗ ಓದಬೇಕಿದ್ದದ್ದನ್ನು ಈಗ ಬರೆದಿದ್ದೇನೆ.

ವಾಚನಾಲಯದ ಗೋಡೆಯ ಮೇಲಿನ ಆ ಪುಟವನ್ನು ಇಳಿಸಿ ಎಂದು ಸಂಘದವರಿಗೆ ಹೇಳಿದೆ. “ಚೆನ್ನಾಗೇ ಬರ್ದಿದ್ದೀಯಲ್ಲಮ್ಮಾ” ಎಂದು ನಕ್ಕರು. ಕಳೆದ ಭಾನುವಾರ ಮತ್ತೆ ಹೋಗಿ ಹೇಳಿದೆ. ಇಳಿಸಿಲ್ಲ.

ಎರಡು ಸಲ ಆಯಿತು. ಎರಡು ಬಡಿದರೆ ಇಳಿಸಬೇಕು.