ಸ್ಟೆಪ್ನಿಗೆ ಬೆನ್ನು ಕೊಟ್ಟು ನಿಂತವನು

ಕಥೆ ಕಟ್ಟುವ ಜಾಣತನ ನನಗಿಲ್ಲ. ಹಾಸನದಲ್ಲಿ ಒಂದು ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದೇನೆ, ಕಬ್ಬಿಣ ಬೆಸೆಯುವುದು ಬಿಟ್ಟರೆ ಬೇರೇನೂ ಬಾರದು. ಕುಡಿದಿದ್ದನೇನೋ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಅವತ್ತು ಮಧ್ಯಾಹ್ನದಿಂದ ನನ್ನ ಗಂಟಲಲ್ಲಿ ನೀರು ಕೂಡ ಇಳಿದಿರಲಿಲ್ಲ.

ಚನ್ನರಾಯಪಟ್ಟಣದ ಒಬ್ಬ ಮನುಷ್ಯ ತನ್ನ ಕ್ಯಾಂಪರ್ ವ್ಯಾನ್ ತಂದಿದ್ದ. ಒಳಗೇ ಮಂಚ, ಒಲೆ, ಎಲ್ಲ ಇರುವ ದೊಡ್ಡ ಗಾಡಿ. ಸ್ಟೆಪ್ನಿ ಇಡಲು ಹಿಂದುಗಡೆ ಗಟ್ಟಿಯಾದ ಸ್ಟ್ಯಾಂಡ್ ಬೇಕಂತೆ. ಅಷ್ಟು ಭಾರದ ಚಕ್ರವನ್ನು ಬಾಗಿಲು ತಡೆಯುವುದಿಲ್ಲ. ಅದಕ್ಕೇ ಗಾಡಿಯ ತಳದ ಚಾಸಿಯಿಂದ ದಪ್ಪ ಪೈಪು ಎಬ್ಬಿಸಿ, ನಾಲ್ಕು ಬೋಲ್ಟಿನಲ್ಲಿ ಕೂರಿಸುತ್ತಿದ್ದೆ. ಅವನು ಸ್ಟೂಲಿನ ಮೇಲೆ ಕೂತು ನಾನು ತರಿಸಿದ ಟೀ ಕುಡಿಯುತ್ತಿದ್ದ.

"ಹಿಂದ್ಗಡೆ ಏಣಿ ಯಾಕ್ ಸಾ ಸೊಟ್ಟಗಾಗದೆ?" ಅಂತ ಸುಮ್ಮನೆ ಕೇಳಿದೆ.

"ಅದಾ... ಸಂಕ್ರಾಂತಿ ಹಿಂದಿನ್ ದಿನ, ಕಟ್ಟಾಯದ ತಾವ. ದಾರಿ ತಪ್ತು ಅಂತ ರಿವರ್ಸ್ ತಗೀತಿದ್ದೆ ಕಣಪ್ಪ. ಕತ್ಲೆ. ಒಬ್ಬ ಬೈಕ್‌ನೋನು ಬಂದು ಸಿಕ್ಕಾಕ್ಕೊಂಡ. ಕಬ್ಬಿನ ಜಲ್ಲೆ ಕಟ್ಕಂಡಿದ್ದ, ರೋಡ್ ತುಂಬ ಚೆಲ್ಲೋಯ್ತು."

"ನಿಲ್ಲಿಸ್ನಿಲ್ವಾ ಸಾ?"

"ನಿಲ್ಲಿಸಿದ್ರೆ ಊರೋರು ಸುಮ್ನೆ ಬಿಟ್ಟಾರಾ? ಬಂದ್ಬುಟ್ಟೆ."

ಆ ಬೈಕಿನವನು ನನ್ನ ತಮ್ಮ ಶಿವು. ಇದೇ ಶೆಡ್ಡಿನಲ್ಲಿ ನನ್ನ ಜೊತೆ ದುಡಿಯುತ್ತಿದ್ದ. ಹಬ್ಬಕ್ಕೆ ಕಬ್ಬು ತೆಗೆದುಕೊಂಡು ಮನೆಗೆ ಬರುತ್ತಿದ್ದವನು ರಸ್ತೆ ಬದಿಯಲ್ಲಿ ತುಂಬ ಹೊತ್ತು ನರಳಿ ಸತ್ತ. ಯಾವ ಗಾಡಿ ಅಂತ ಯಾರಿಗೂ ಗೊತ್ತಾಗಿರಲಿಲ್ಲ. ಆರು ತಿಂಗಳಿಂದ ನಾನು ಹುಡುಕುತ್ತಿದ್ದ ಪಾಪಿ ನನ್ನೆದುರೇ ಕೂತು ಟೀ ಹೀರುತ್ತಿದ್ದ!

ಕೈಯಲ್ಲಿ ಸುತ್ತಿಗೆ ಇತ್ತು. ಎತ್ತಲಿಲ್ಲ. ಆದರೆ ನಾಲ್ಕೂ ನಟ್ಟುಗಳನ್ನು ಬೆರಳಲ್ಲೇ ಎರಡು ಸುತ್ತು ತಿರುಗಿಸಿ ಬಿಟ್ಟೆ. ಅವು ಸಡಿಲವಾಗದಂತೆ ಮೇಲೆ ಹಾಕಬೇಕಾದ ಲಾಕ್ ನಟ್ಟುಗಳು ನನ್ನ ಜೇಬು ಸೇರಿದವು. ಗುಂಡಿ ಸಿಕ್ಕಲ್ಲಿ ಕಳಚಿಕೊಳ್ಳಲಿ, ಗಾಡಿ ಸಮೇತ ಮಗುಚಿಕೊಳ್ಳಲಿ ಅಂತ ಮನಸಾರೆ ಶಪಿಸಿದೆ.

ರಾತ್ರಿ ಊಟದ ಹೊತ್ತಿಗೆ ಅವನು ಅರಕಲಗೂಡಿನ ಕಡೆ ಹೊರಟ. ನನಗೆ ಎದೆ ತಣ್ಣಗಾಯಿತು. ಶೆಡ್ಡಿನ ಬಾಗಿಲು ಎಳೆಯುತ್ತಿದ್ದಾಗ ಥಟ್ಟನೆ ಹೊಳೆಯಿತು... ಹಿಂದೆ ನೇತುಹಾಕಿದ ಚಕ್ರ ಓಡಿಸುವವನ ಮೇಲೆ ಬೀಳುವುದಿಲ್ಲ. ಹಿಂದೆ ಬರುವವನ ಮೇಲೆ ಬೀಳುತ್ತದೆ. ಇನ್ಯಾರದೋ ಮನೆಯ ಶಿವು ಮೇಲೆ.

ಸ್ಪ್ಯಾನರ್ ಎತ್ತಿಕೊಂಡು ಬೈಕ್ ಹತ್ತಿದವನು ಹಿಂದೆ ಮುಂದೆ ನೋಡಲಿಲ್ಲ.

ಕಟ್ಟಾಯದ ಹತ್ತಿರ ವ್ಯಾನಿನ ಕೆಂಪು ದೀಪ ಕಂಡಿತು. ರಸ್ತೆಯಲ್ಲಿ ಬೇರೆ ನರಪಿಳ್ಳೆ ಇಲ್ಲ. ಕಟಕ್... ಕಟಕ್... ಅಂತ ಕಬ್ಬಿಣ ಬಡಿಯುವ ಸದ್ದು. ಜೊತೆಗೆ ಒಂದು ವಾಸನೆ... ವೆಲ್ಡಿಂಗ್ ಹೊಗೆ, ಅದರೊಳಗೆ ಜಜ್ಜಿದ ಕಬ್ಬಿನ ಸಿಹಿ.

ಹೆಡ್‌ಲೈಟು ಹಾಯಿಸಿದೆ. ಹಿಂದಿನ ಬಂಪರಿನ ಮೇಲೆ ಒಬ್ಬ ನಿಂತಿದ್ದ.

ಚಕ್ರಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಹಿಂದಕ್ಕೆ ಮಾಡಿ ಪೈಪನ್ನು ಬಿಗಿಯಾಗಿ ಹಿಡಿದಿದ್ದ. ಕಿಡಿ ಬಿದ್ದು ತೂತಾದ ನೀಲಿ ಅಂಗಿ. ಮುಖ ನನ್ನ ಕಡೆಗೇ ಇತ್ತು. ನನ್ನ ಶಿವು. ಅಳುತ್ತಿರಲಿಲ್ಲ, ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಬೈಕಿನ ಸದ್ದಿನ ನಡುವೆಯೂ ಕಿವಿಯ ಪಕ್ಕದಲ್ಲೇ ಪಿಸುಮಾತು ಕೇಳಿಸಿತು.

"ಕೈ ಸೋಲ್ತಾ ಅದೆ ಕಣಣ್ಣ..."

ಹಾರ್ನ್ ಬಾರಿಸಿಕೊಂಡೇ ಹೋದೆ. ವ್ಯಾನ್ ನಿಂತಿತು. ವ್ಯಾನಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಪ್ಪಾ, ಇಲ್ಲೀಗಂಟ ಬಂದ್ಬುಟ್ಟೆ?" ಅಂದ.

"ನಟ್ ಬಿಗಿ ಮಾಡದ್ ಮರ್ತಿದ್ದೆ ಸಾ."

ಬಂಪರಿನ ಮೇಲೆ ಯಾರೂ ಇರಲಿಲ್ಲ. ಬಗ್ಗಿ ನೋಡಿದರೆ ನಾಲ್ಕಕ್ಕೆ ನಾಲ್ಕೂ ನಟ್ಟು ಉದುರಿಹೋಗಿದ್ದವು. ಅಷ್ಟು ಭಾರದ ಚಕ್ರ ಯಾವ ಆಧಾರದ ಮೇಲೆ ನಿಂತಿತ್ತೋ ದೇವರೇ ಬಲ್ಲ. ಪೈಪು ಮುಟ್ಟಿದೆ, ಬೆವರಿನಿಂದ ಒದ್ದೆಯಾಗಿತ್ತು... ಬೆಚ್ಚಗಿತ್ತು.

ಜೇಬಿನ ಲಾಕ್ ನಟ್ಟುಗಳನ್ನು ಹಾಕಿ, ಸ್ಪ್ಯಾನರ್ ಹಿಡಿದು ಮೈಯ ಬಲವೆಲ್ಲ ಹಾಕಿ ತಿರುಗಿಸಿದೆ.

"ಗಟ್ಟಿ ಆಯ್ತಾ?"

"ಇನ್ ಅಳ್ಳಾಡಕ್ಕಿಲ್ಲ ಸಾ. ಓಗಿ."

ವ್ಯಾನ್ ಹೊರಟಿತು. ನಾನು ಬೈಕಿನ ಮೇಲೆ ಕೂತು ನೋಡುತ್ತಲೇ ಇದ್ದೆ. ನನ್ನ ಲೈಟಿನ ಬೆಳಕಿನಲ್ಲಿ, ಬಂಪರಿನ ಮೇಲೆ, ಶಿವು ಮತ್ತೆ ಕಂಡ.

ಈಗ ಅವನು ಏನನ್ನೂ ಹಿಡಿಯಬೇಕಾಗಿರಲಿಲ್ಲ. ಎರಡೂ ಕೈ ಒದರಿಕೊಂಡ. ನಿಧಾನವಾಗಿ ನನಗೆ ಬೆನ್ನು ತಿರುಗಿಸಿದ. ಹಿಂದಿನ ಗಾಜಿಗೆ ಹಣೆ ಒತ್ತಿದ. ಮರುಕ್ಷಣ ಹೊರಗೆ ಅವನಿರಲಿಲ್ಲ. ವ್ಯಾನಿನ ಒಳಗಿನ ಮಂಕು ದೀಪದಲ್ಲಿ ಒಂದು ತಲೆ ಮಂಚದ ಪಕ್ಕದಿಂದ ಎದ್ದು, ಒಂದೊಂದೇ ಹೆಜ್ಜೆ ಡ್ರೈವರ್ ಸೀಟಿನ ಕಡೆ ಹೋಗುತ್ತಿತ್ತು.

ನನ್ನ ಹೆಬ್ಬೆರಳು ಹಾರ್ನಿನ ಮೇಲೇ ಇತ್ತು. ಒಂದು ಸಲ ಒತ್ತಿದ್ದರೆ ವ್ಯಾನ್ ಓಡಿಸುವವನು ತಿರುಗಿ ನೋಡುತ್ತಿದ್ದ.

ಒತ್ತಲಿಲ್ಲ.

ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಆಮೇಲೆ ಅವನಿಗೆ ಏನಾಯಿತೋ ನಾನು ವಿಚಾರಿಸಿಲ್ಲ, ವಿಚಾರಿಸುವ ಧೈರ್ಯವೂ ಇಲ್ಲ. ನಾನು ಕಂಡದ್ದು ಏನು ಅಂತಲೂ ನನಗೆ ಗೊತ್ತಿಲ್ಲ. ಆದರೆ ಒಂದು ಮಾತು ಮುಚ್ಚಿಡುವುದಿಲ್ಲ... ಆ ಕತ್ತಲಲ್ಲಿ ಒಬ್ಬನೇ ನಿಂತಿದ್ದಾಗ ನನಗೆ ಹೆದರಿಕೆ ಆಗಲಿಲ್ಲ, ಸಂತೋಷವಾಯಿತು. ಈಗ ರಾತ್ರಿ ನಿದ್ದೆ ಬಿಡುವುದು ಶಿವು ನೆನಪಾಗಿ ಅಲ್ಲ, ಆ ಸಂತೋಷ ನೆನಪಾಗಿ.