ಬೀಗದೊಳಗಿನ ಬಿಳಿ ಟೈಲ್ಸ್

ನಮ್ಮ ಓಣಿಯ ಜಿಲಾನಸಾಬ ಗಂಗಾವತಿಯಲ್ಲಿ ಹೆಸರಾದ ಗೌಂಡಿ. ಯಾರ ಹೊಸ ಮನೆಗೆ ಹೋದರೂ ಚಹಾಕ್ಕೆ ಮೊದಲು ಟೈಲ್ಸನ್ನು ಬೆರಳಿನಿಂದ ಬಡಿದು ನೋಡುತ್ತಾನೆ. ಟೊಳ್ಳು ಸದ್ದು ಬಂದರೆ ಹಾಕಿದವನ ಮಾನ ಅಲ್ಲೇ ಹರಾಜು. ಇಂಥವನೇ ಮೋಸಹೋದ, ಅದೂ ತನ್ನ ಕೈಕೆಲಸವನ್ನೇ ನಂಬಿ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಕನಕಗಿರಿ ರಸ್ತೆಯ ಖಾಸಗಿ ಶಾಲೆಯೊಂದರಲ್ಲಿ ಹುಡುಗಿಯರ ಶೌಚಾಲಯ ಕಟ್ಟಿದವನು ಅವನು. ಅದೇ ಬೇಸಿಗೆಯಲ್ಲಿ ನಾವಿಬ್ಬರೂ ಹೆಣ್ಣುಮಕ್ಕಳಿಗೆ ಶಾಲೆ ಹುಡುಕುತ್ತಿದ್ದೆವು. ನಾನು ಆ ಶಾಲೆಯ ಗೇಟು, ವ್ಯಾನು, ಗೋಡೆಯ ಮೇಲಿನ ದೊಡ್ಡ ಟಿವಿ ನೋಡಿ ಮರುಳಾಗಿ ಮಗಳನ್ನು ಅಲ್ಲಿಗೇ ಸೇರಿಸಿದೆ. ಅವನು ಅದ್ಯಾವುದಕ್ಕೂ ಬಗ್ಗಲಿಲ್ಲ.

“ಪಾಯಖಾನಿಗೆ ಇಷ್ಟು ಛಲೋ ಟೈಲ್ಸ್ ಹಾಕಸೋ ಮಂದಿ ಪಾಠದಾಗ ಕಳ್ಳತನ ಮಾಡಂಗಿಲ್ರಿ, ಸುರೇಖಕ್ಕಾರ” ಅಂದ. ಸರ್ಕಾರಿ ಶಾಲೆಯೇ ಸಾಕೆಂದು ಹೆಂಡತಿ ಸಬೀನಾ ಎಷ್ಟು ಹೇಳಿದರೂ ಕೇಳದೆ ಮಗಳು ಶಾಯಿಸ್ತಾಳನ್ನು ಅಲ್ಲಿಯೇ ಐದನೆಯ ತರಗತಿಗೆ ಸೇರಿಸಿದ.

ಆಗಸ್ಟಿನಲ್ಲಿ ಹುಡುಗಿಗೆ ಜ್ವರ, ಉರಿಮೂತ್ರ. ಸಬೀನಾಳ ಜೊತೆ ನಾನೂ ದವಾಖಾನೆಗೆ ಹೋಗಿದ್ದೆ. ನೀರು ಕುಡಿಯುವುದಿಲ್ಲವೇ ಎಂದು ಡಾಕ್ಟರಮ್ಮ ಗದರಿದರು. ಬೆಳಿಗ್ಗೆ ತುಂಬಿಸಿ ಕೊಟ್ಟ ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆಯೇ ಮನೆಗೆ ಬರುತ್ತಿತ್ತು, ನಾವೆಲ್ಲ ಅವಳನ್ನೇ ಬೈಯುತ್ತಿದ್ದೆವು. ಈಗ ಅವಳು ಬಾಯಿಬಿಟ್ಟಳು.

“ಕುಡದ್ರ ಒಂದಕ್ಕ ಬರ್ತೈತ್ರಿ ಮೇಡಂ. ಸಾಲ್ಯಾಗ ಪಾಯಖಾನಿಗೆ ಕೀಲಿ ಹಾಕ್ಯಾರ. ಸಾಹೇಬ್ರು ನೋಡಾಕ ಬಂದ್ರೂ ಹೊರಗಿಂದಷ್ಟ ತೋರಸ್ತಾರ.”

ಮನೆಗೆ ಬಂದು ನನ್ನ ಮಗಳನ್ನು ಕೇಳಿದರೆ ಅವಳದೂ ಅದೇ ಮಾತು. ಮೂರು ತಿಂಗಳು ನಾನು ಹೋಮ್‌ವರ್ಕ್ ಕೇಳಿದ್ದೆ, ಇದನ್ನು ಕೇಳಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆ ಜಿಲಾನಸಾಬ ಕೆಲಸದ ಚೀಲ ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೊರಟ. ನಾನೂ ಹೋದೆ. ಹೆಡ್‌ಮಾಸ್ಟರ್ ಬಸವಕುಮಾರ ನಗುತ್ತ ಕುರ್ಚಿ ತೋರಿಸಿದರು.

“ಸೌಲಭ್ಯ ಐತಲ್ರಿ, ನೀವ ಕಟ್ಟೀರಿ. ಹುಡುಗ್ಯಾರು ಹೊಲಸು ಮಾಡ್ತಾರಂತ ಕೀಲಿ ಹಾಕೀವಿ.”

“ಚಾವಿ ಕೊಡ್ರಿ” ಅಂದ ಜಿಲಾನಸಾಬ.

“ಕಮಿಟಿ ಅಧ್ಯಕ್ಷರ ಮನ್ಯಾಗ ಐತ್ರಿ.”

ಸುಳ್ಳು ಹೇಳುವಾಗಲೂ ಆ ಮನುಷ್ಯನ ನಗು ಮಾಸಲಿಲ್ಲ. ಜಿಲಾನಸಾಬ ನೇರ ಶೌಚಾಲಯದ ಕಡೆ ನಡೆದ. ಆ ಬಾಗಿಲು ಕೂರಿಸಿದವನೂ ಅವನೇ. ಸ್ಕ್ರೂಗಳನ್ನು ಬಿಚ್ಚಿ ಹೊರಗಿನ ಚಿಲಕವನ್ನು ಬೀಗದ ಸಮೇತ ತೆಗೆದ.

ಒಳಗೆ ನೋಟ್‌ಬುಕ್ಕಿನ ಕಟ್ಟುಗಳು, ಯೂನಿಫಾರ್ಮಿನ ಗಂಟುಗಳು. ಜೂನ್‌ನಲ್ಲಿ ನಮಗೆ ಅಂಗಡಿಗಿಂತ ದುಬಾರಿಗೆ ಮಾರಿದ ಅದೇ ಸರಕು! ಗಂಟು ಸರಿಸಿದರೆ ನೀರಿನ ಪೈಪಿನ ಬಾಯಿಗೆ ಹಾಕಿದ ಮುಚ್ಚಳ ಹಾಕಿದಂತೆಯೇ ಇತ್ತು. ಅದನ್ನು ಹಾಕಿದ್ದೂ ಜಿಲಾನಸಾಬನೇ. ಟ್ಯಾಂಕಿನಿಂದ ಲೈನ್ ಆಮೇಲೆ ಎಳೆಸುತ್ತೇವೆ ಎಂದು ಶಾಲೆಯವರು ಹೇಳಿದಾಗ ಹೂಂ ಅಂದು ಬಂದಿದ್ದ.

ಅವನು ಟೈಲ್ಸನ್ನು ಬಡಿದ. ಗಟ್ಟಿ ಸದ್ದು.

“ಒಂದೂ ಟೊಳ್ಳಿಲ್ಲ ನೋಡ್ರಿ ಅಕ್ಕಾರ” ಅಂದ. “ಇದನ್ನ ನೋಡಿ ನನ್ನ ಕೂಸನ್ನ ಇಲ್ಲಿ ತಂದು ಹಾಕಿದ್ನಿ.”

ಹಿಂದೆಯೇ ಬಂದ ಬಸವಕುಮಾರ ಪೊಲೀಸರನ್ನು ಕರೆಸುತ್ತೇನೆ ಎಂದರು.

“ಕರಸ್ರಿ. ಅವರ ಹೆಣ್ಮಕ್ಕಳೂ ಇಲ್ಲೇ ಕಲೀತಾರ” ಅಂದ ಜಿಲಾನಸಾಬ.

ಯಾರೂ ಯಾರನ್ನೂ ಕರೆಸಲಿಲ್ಲ. ಗಂಟುಗಳನ್ನೆಲ್ಲ ನಾನೇ ಹೆಡ್‌ಮಾಸ್ಟರರ ಕೋಣೆಗೆ ಎಳೆದು ಹಾಕಿದೆ, ಒಂದನ್ನು ಅವರ ಕುರ್ಚಿಯ ಮೇಲೆಯೇ. ಜಿಲಾನಸಾಬ ಪೇಟೆಯಿಂದ ಪೈಪು ತಂದು ಮಧ್ಯಾಹ್ನದ ಹೊತ್ತಿಗೆ ನಳದಲ್ಲಿ ನೀರು ಬಿಟ್ಟ. ಊಟದ ಬೆಲ್ಲಿಗೆ ಹುಡುಗಿಯರು ಓಡಿ ಬಂದ ರಭಸ ನೋಡಿ ನನಗೆ ಅಳು ಬಂತು. ಒಳಗಿನ ಚಿಲಕ ಸರಿಯಾಗಿ ಕೂರುವುದನ್ನು ನೋಡಿಕೊಂಡು, ಹೊರಗಿನದನ್ನು ಅವನು ಬಸವಕುಮಾರರ ಮೇಜಿನ ಮೇಲಿಟ್ಟ. ಬೀಗ ಅದರಲ್ಲೇ ನೇತಾಡುತ್ತಿತ್ತು.

“ಅಧ್ಯಕ್ಷರಿಗೆ ಕೊಡ್ರಿ. ಅವರ ಮನಿ ಪಾಯಖಾನಿಗೆ ಹಾಕ್ಕೊಳ್ಳಿ.”

ವಾರದ ಮೇಲೆ ಶಾಯಿಸ್ತಾ ಮತ್ತೆ ಶಾಲೆಗೆ ಹೋದಳು. ಸಂಜೆ ಜಿಲಾನಸಾಬ ಓಣಿಯ ಬಾಯಿಗೇ ಬಂದು ನಿಂತಿದ್ದ. ವ್ಯಾನು ಇಳಿದ ಮಗಳ ಕೈಯಿಂದ ಬಾಟಲಿ ಇಸಿದುಕೊಂಡು ಬೋರಲು ಹಿಡಿದ. ಒಂದು ಹನಿಯೂ ಬೀಳಲಿಲ್ಲ.